ಅಜ್ಜಿಯ ದನಿಗೆ ಚಿತ್ರ ಕೂಡಿಸಲು ಯಾವ ಎಐ ವಿಡಿಯೊ ಸಾಧನ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ನನ್ನ ಅಜ್ಜಿ ತೀರಿಕೊಳ್ಳುವ ಮೊದಲು ಅವಳು ಹೇಳುತ್ತಿದ್ದ ಹನ್ನೆರಡು ಕಥೆಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡಿದ್ದೇನೆ. ಒಂದೊಂದು ಕಥೆ ಸುಮಾರು ಆರು ನಿಮಿಷದ್ದು. ಮಾದರಿಗೆ ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಇದರೊಂದಿಗೆ ಕಳಿಸಿದ್ದೇನೆ. ಇವುಗಳಿಗೆ ಎಐ ಸಾಧನದಿಂದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಬೇಕೆಂಬ ಆಸೆ. ಒಬ್ಬರು ವಿಯೊ ಎನ್ನುತ್ತಾರೆ, ಇನ್ನೊಬ್ಬರು ರನ್‌ವೇ, ಮತ್ತೊಬ್ಬರು ಕ್ಲಿಂಗ್. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇದೆ, ಅದರಲ್ಲಿ ವಾನ್ ಎಂಬುದನ್ನು ಪುಕ್ಕಟೆಯಾಗಿ ಓಡಿಸಬಹುದು ಎಂದು ಅವನು ಹೇಳುತ್ತಾನೆ. ಒಟ್ಟು 30,000 ರೂಪಾಯಿ ಮೀರಿ ಖರ್ಚು ಮಾಡಲಾರೆ. ಯಾವುದನ್ನು ಆರಿಸಲಿ? ಅಜ್ಜಿಯ ಫೋಟೊವೇ ಕಥೆ ಹೇಳುವಂತೆ ಮಾಡುವುದು ಸರಿಯೇ? ಪಾತ್ರಗಳಿಗೆ ನಮ್ಮ ಶಾಲೆಯ ಮಕ್ಕಳ ಮುಖ ಬಳಸಬಹುದೇ?

ಉತ್ತರ: ನೀವು ಕಳಿಸಿದ ಧ್ವನಿಯನ್ನು ಎರಡು ಬಾರಿ ಪೂರ್ತಿಯಾಗಿ ಕೇಳಿದೆ. ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕಾದ ಮೊದಲ ಸಂಗತಿ ಅದರಲ್ಲೇ ಇದೆ: ಧ್ವನಿ ನಿಮ್ಮ ಬಳಿ ಆಗಲೇ ಇದೆ. 2025ರಿಂದ ಈಚೆಗೆ ವಿಡಿಯೊ ಸಾಧನಗಳ ನಡುವಿನ ದೊಡ್ಡ ಪೈಪೋಟಿ ನಡೆಯುತ್ತಿರುವುದು ಧ್ವನಿಯ ವಿಷಯದಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಗೂಗಲ್ ಬಿಡುಗಡೆ ಮಾಡಿದ ವಿಯೊ 3 ಚಿತ್ರದ ಜೊತೆಗೇ ಮಾತು, ಮಳೆಯ ಸದ್ದು, ಹೆಜ್ಜೆ ಸಪ್ಪಳಗಳನ್ನೂ ಹುಟ್ಟಿಸಿಕೊಟ್ಟಿತು; ಸೆಪ್ಟೆಂಬರ್ ಕೊನೆಗೆ ಬಂದ ಓಪನ್‌ಎಐ ಸಂಸ್ಥೆಯ ಸೋರಾ 2 ಕೂಡ ಅದನ್ನೇ ಮಾಡಿತು. ಹೊಸ ಸಾಧನಗಳನ್ನು ಹೊಗಳುವವರು ಹೆಚ್ಚಾಗಿ ಈ ಗುಣವನ್ನೇ ಮುಂದಿಡುತ್ತಾರೆ, ಮತ್ತು ಬೆಲೆಯಲ್ಲಿ ಒಂದು ಪಾಲು ಅದಕ್ಕಾಗಿಯೇ ಹೋಗುತ್ತದೆ. ನಿಮಗೆ ಅದರ ಅಗತ್ಯವಿಲ್ಲ. ಯಂತ್ರ ಎಷ್ಟೇ ಸ್ಪಷ್ಟವಾಗಿ ಕನ್ನಡ ಆಡಿದರೂ "ಗುಬ್ಬಕ್ಕ ಗುಬ್ಬಕ್ಕ, ಬಾಗ್ಲಾ ತಗೀ" ಎಂದು ನಿಮ್ಮ ಅಜ್ಜಿ ಎಳೆದು ಹೇಳುವ ದನಿ ಅದಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹಾಗಾಗಿ ಧ್ವನಿಯ ಹೆಚ್ಚುಗಾರಿಕೆಗೆ ದುಡ್ಡು ಕೊಡಬೇಡಿ. ಮಳೆಯ ಸದ್ದು ಬೇಕಾದರೆ ಮುಂದಿನ ಮಳೆಗೆ ತಗಡಿನ ಮಾಡಿನ ಕೆಳಗೆ ನಿಂತು ನಿಮ್ಮ ಮೊಬೈಲಿನಲ್ಲೇ ಹಿಡಿದುಕೊಳ್ಳಿ. ಅದು ನಿಮ್ಮ ಊರಿನ ಮಳೆಯೇ ಆಗಿರುತ್ತದೆ.

ಎರಡನೆಯ ಸಂಗತಿ, ಸಂಸ್ಥೆಗಳು ತೋರಿಸುವ ಮಾದರಿ ವಿಡಿಯೊಗಳನ್ನು ನೋಡಿ ನಿರ್ಧರಿಸಬೇಡಿ. ಸೋರಾದ ಮೊದಲ ಮಾದರಿಗಳನ್ನು ಜಗತ್ತು ಕಂಡದ್ದು 2024ರ ಫೆಬ್ರವರಿಯಲ್ಲಿ, ಸಾರ್ವಜನಿಕರ ಕೈಗೆ ಅದು ಸಿಕ್ಕಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆ ಹತ್ತು ತಿಂಗಳು ಜನ ಕೆಲವೇ ತುಣುಕುಗಳನ್ನು ಮತ್ತೆ ಮತ್ತೆ ನೋಡಿ, ಸಾಧನದಿಂದ ಬರುವುದೆಲ್ಲ ಹೀಗೇ ಇರುತ್ತದೆ ಎಂದುಕೊಂಡರು. ಯಾವ ಸಂಸ್ಥೆಯೇ ಆಗಲಿ, ತೋರಿಸುವುದು ತನ್ನಲ್ಲಿ ಅತ್ಯುತ್ತಮವಾಗಿ ಬಂದದ್ದನ್ನು. ಎಷ್ಟು ಕೆಟ್ಟ ತುಣುಕುಗಳನ್ನು ಎಸೆದ ಮೇಲೆ ಅದು ಸಿಕ್ಕಿತು ಎಂಬುದು ನಮಗೆ ಕಾಣುವುದಿಲ್ಲ. ಸಾಧನಗಳಿಗೆ ಅಂಕ ಕೊಟ್ಟು ಒಂದು, ಎರಡು, ಮೂರು ಎಂದು ಸಾಲು ನಿಲ್ಲಿಸುವ ಪಟ್ಟಿಗಳೂ ಇದೇ ಕಾರಣಕ್ಕೆ ನಿಮಗೆ ಉಪಯೋಗವಾಗುವುದಿಲ್ಲ. ಪ್ಯಾರಿಸ್ ಬೀದಿಯಲ್ಲಿ ನಡೆಯುವ ಹೆಣ್ಣುಮಗಳನ್ನು ಚೆನ್ನಾಗಿ ತೋರಿಸುವ ಸಾಧನ ಸಗಣಿಯ ಮನೆ ಮಳೆಯಲ್ಲಿ ಕರಗುವುದನ್ನೂ ಚೆನ್ನಾಗಿ ತೋರಿಸೀತು ಎಂಬ ಭರವಸೆ ಇಲ್ಲ. ನಿಮ್ಮ ಕಥೆಗೆ ಯಾವ ಶಾಟ್ ಬೇಕು, ಆ ಶಾಟಿನ ಬಳಸಬಹುದಾದ ಒಂದು ಸೆಕೆಂಡಿಗೆ ಎಷ್ಟು ಖರ್ಚು ಬೀಳುತ್ತದೆ ಎಂಬುದೇ ನಿಮ್ಮ ಮಟ್ಟಿಗೆ ಅಳತೆಗೋಲು.

ಈ ಸಾಧನಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಇವುಗಳಲ್ಲಿ ಬಹುಪಾಲು ಡಿಫ್ಯೂಷನ್ ಎಂಬ ವಿಧಾನದವು. ಆಂಟೆನಾ ಸರಿಯಾಗಿ ಕೂರದ ಹಳೆಯ ಟಿವಿಯಲ್ಲಿ ಕಾಣುತ್ತಿದ್ದ ಚುಕ್ಕೆಗಳ ಗೊಂದಲದಂಥ ಸ್ಥಿತಿಯಿಂದ ಹೊರಟು, ಹಂತ ಹಂತವಾಗಿ ಆ ಗೊಂದಲವನ್ನು ತಿಳಿಗೊಳಿಸುತ್ತಾ, ನೀವು ಬರೆದ ವಿವರಣೆಗೆ ಹೊಂದುವ ಚಿತ್ರದತ್ತ ಸಾಗುತ್ತವೆ. ತುಣುಕಿನ ಫ್ರೇಮುಗಳೆಲ್ಲ, ಅಂದರೆ ವಿಡಿಯೊದ ಬಿಡಿಬಿಡಿ ಚಿತ್ರಗಳೆಲ್ಲ, ಹೆಚ್ಚಾಗಿ ಒಟ್ಟಿಗೇ ರೂಪುಗೊಳ್ಳುತ್ತವೆ, ಮತ್ತು ಪ್ರತಿ ಭಾಗವೂ ಉಳಿದ ಭಾಗಗಳನ್ನು ಗಮನಿಸಬೇಕಾದ್ದರಿಂದ ಉದ್ದ ಎರಡು ಪಟ್ಟಾದರೆ ಆ ಗಮನಿಸುವ ಲೆಕ್ಕಾಚಾರ ಸುಮಾರು ನಾಲ್ಕು ಪಟ್ಟಾಗುತ್ತದೆ. 2025ರಲ್ಲಿ ವಿಯೊ 3 ಒಂದು ಸಲಕ್ಕೆ 8 ಸೆಕೆಂಡ್, ಕ್ಲಿಂಗ್ ಮತ್ತು ರನ್‌ವೇಯ ಜೆನ್-4 ಐದು ಅಥವಾ ಹತ್ತು ಸೆಕೆಂಡ್ ಎಂಬ ಮಿತಿ ಹುಟ್ಟಿದ್ದು ಇದರಿಂದ. ಇದಕ್ಕಿಂತ ನಿಮಗೆ ಮುಖ್ಯವಾದದ್ದು ಇನ್ನೊಂದು: ಬರೇ ಬರಹದ ವಿವರಣೆ ಕೊಟ್ಟರೆ ಪ್ರತಿ ತುಣುಕೂ ಹೊಸದಾಗಿ ಆರಂಭವಾಗುತ್ತದೆ. ಹಿಂದಿನ ತುಣುಕಿನಲ್ಲಿದ್ದ ಗುಬ್ಬಕ್ಕನ ಕುಪ್ಪಸದ ಬಣ್ಣ, ಕೊಕ್ಕಿನ ಉದ್ದ, ಮನೆಯ ಬಾಗಿಲು ಯಾವ ಕಡೆಗಿತ್ತು ಎಂಬುದು ಯಾವುದೂ ಅದಕ್ಕೆ ನೆನಪಿರುವುದಿಲ್ಲ. ಆರು ನಿಮಿಷದ ಕಥೆಯನ್ನು ಹಾಗೆ ಮಾಡಿದರೆ ಎಪ್ಪತ್ತು ತುಣುಕುಗಳಲ್ಲಿ ಎಪ್ಪತ್ತು ಬೇರೆ ಬೇರೆ ಗುಬ್ಬಿಗಳು ಬರುತ್ತವೆ, ಮಕ್ಕಳು ಅದನ್ನು ಮೊದಲ ನಿಮಿಷದಲ್ಲೇ ಗುರುತಿಸುತ್ತಾರೆ.

ಆದ್ದರಿಂದ ನಿಮ್ಮ ಕೆಲಸಕ್ಕೆ ಬರಹದಿಂದ ವಿಡಿಯೊ ಮಾಡುವ ದಾರಿ ಬೇಡ. ಚಿತ್ರದಿಂದ ವಿಡಿಯೊ ಮಾಡುವ ದಾರಿ ಬೇಕು. ಮೊದಲು ಒಂದು ಸ್ಥಿರಚಿತ್ರ ಸಿದ್ಧವಾಗುತ್ತದೆ, ಸಾಧನ ಆ ಚಿತ್ರವನ್ನು ಮೊದಲ ಫ್ರೇಮಾಗಿ ತೆಗೆದುಕೊಂಡು ಅದಕ್ಕೆ ಚಲನೆ ಕೊಡುತ್ತದೆ. ಆಗ ಪಾತ್ರದ ರೂಪ, ಬಣ್ಣ, ಹಿನ್ನೆಲೆ ಎಲ್ಲವೂ ನಿಮ್ಮ ಹಿಡಿತದಲ್ಲಿರುತ್ತವೆ. ಇಲ್ಲಿ ನನ್ನ ಬಲವಾದ ಸಲಹೆಯೊಂದಿದೆ: ಆ ಮೂಲಚಿತ್ರಗಳನ್ನು ಎಐ ಸಾಧನದಿಂದ ಮಾಡಿಸಬೇಡಿ, ಕೈಯಿಂದ ಬರೆಸಿ. ನಿಮ್ಮ ಶಾಲೆಯಲ್ಲೋ ಪಕ್ಕದ ಶಾಲೆಯಲ್ಲೋ ಚಿತ್ರಕಲಾ ಶಿಕ್ಷಕರು ಇದ್ದೇ ಇರುತ್ತಾರೆ. ಅವರಿಗೆ ಗೌರವಧನ ಕೊಟ್ಟು, ಬಳಕೆಯ ಹಕ್ಕನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ಕಥೆಗೆ ಎಂಟೊಂಬತ್ತು ಚಿತ್ರ ಮಾಡಿಸಿಕೊಳ್ಳಿ. ಭಾರತದ ಹಳ್ಳಿ ಎಂದು ಕೇಳಿದರೆ ಈ ಸಾಧನಗಳು ಎಲ್ಲಿಯದೂ ಅಲ್ಲದ ಒಂದು ಹಳ್ಳಿಯನ್ನು ಕೊಡುತ್ತವೆ. ಅದರಲ್ಲಿ ನಿಮ್ಮ ಕಡೆಯ ಮಾಳಿಗೆ ಮನೆ ಇರುವುದಿಲ್ಲ, ಎರೆಮಣ್ಣಿನ ಹೊಲ ಇರುವುದಿಲ್ಲ, ಇಳಕಲ್ ಸೀರೆಯ ಸೆರಗು ಯಾವುದೋ ಮದುವೆ ಸೀರೆಯ ಜರಿಯಂಚಾಗಿ ಬದಲಾಗಿರುತ್ತದೆ. ನಿಮ್ಮ ಊರನ್ನು ದಿನವೂ ನೋಡುವ ಕಲಾವಿದರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾಗಿಯೇ ಇಲ್ಲ. ಇನ್ನೊಂದು ಅನುಕೂಲವೂ ಉಂಟು. ನಿಜದಂತೆ ಕಾಣುವ ವಿಡಿಯೊದಲ್ಲಿ ಬೆರಳೊಂದು ತಪ್ಪಾಗಿ ಮಡಚಿದರೆ ನೋಡುವವರಿಗೆ ಕಸಿವಿಸಿಯಾಗುತ್ತದೆ. ಕೈಯಿಂದ ಬರೆದ ಚಿತ್ರದಲ್ಲಿ ಅಂಥ ಸಣ್ಣ ತಪ್ಪು ಅಷ್ಟು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಎಸೆಯಬೇಕಾದ ತುಣುಕುಗಳೂ ಕಡಿಮೆಯಾಗುತ್ತವೆ.

ಈಗ ಕಥೆಯನ್ನೇ ನೋಡೋಣ. ಕಾಗಕ್ಕ ಸಗಣಿಯ ಮನೆ ಕಟ್ಟುತ್ತಾಳೆ, ಗುಬ್ಬಕ್ಕ ಕಲ್ಲಿನ ಮನೆ. ಮೋಡ ಕವಿಯುತ್ತದೆ. ಮಳೆಗೆ ಕಾಗಕ್ಕನ ಮನೆ ಕರಗಿ ಹರಿದುಹೋಗುತ್ತದೆ. ತೊಯ್ದ ಕಾಗಕ್ಕ ಕುಪ್ಪಳಿಸುತ್ತಾ ಬಂದು ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಗುಬ್ಬಕ್ಕ "ತಡಿಯವ್ವಾ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ" ಎನ್ನುತ್ತಾಳೆ, ಮತ್ತೆ ಬಡಿದರೆ ನೀರು ಹಾಕುತ್ತಿದ್ದೇನೆ ಎನ್ನುತ್ತಾಳೆ, ಮತ್ತೆ ಬಡಿದರೆ ತೊಟ್ಟಿಲಿಗೆ ಹಾಕುತ್ತಿದ್ದೇನೆ ಎನ್ನುತ್ತಾಳೆ, ಕೊನೆಗೆ ಬಾಗಿಲು ತೆರೆಯುತ್ತಾಳೆ. ನಿಜವಾಗಿ ಚಲನೆಯನ್ನು ಬೇಡುವ ಗಳಿಗೆಗಳನ್ನು ಎಣಿಸಿದರೆ ಎಂಟು ಸಿಗುತ್ತವೆ: ಸಗಣಿ ಮೆತ್ತುವುದು, ಕಲ್ಲು ಪೇರಿಸುವುದು, ಮೋಡ ಕವಿಯುವುದು, ಮನೆ ಕರಗುವುದು, ಕಾಗಕ್ಕ ಕುಪ್ಪಳಿಸುವುದು, ಬಾಗಿಲು ಬಡಿಯುವುದು, ಕೂಸಿಗೆ ಎಣ್ಣೆ ಹಚ್ಚುವುದು, ಬಾಗಿಲು ತೆರೆಯುವುದು. ಉಳಿದ ಹೊತ್ತಿನಲ್ಲಿ ಸ್ಥಿರಚಿತ್ರದ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುವಂತೆ ಎಡಿಟಿಂಗಿನಲ್ಲೇ ಮಾಡಿಕೊಳ್ಳಬಹುದು; ಸಾಕ್ಷ್ಯಚಿತ್ರ ಮಾಡುವವರು ಹಳೆಯ ಫೋಟೊಗಳಿಗೆ ಇದನ್ನು ದಶಕಗಳಿಂದ ಮಾಡುತ್ತಿದ್ದಾರೆ, ಮತ್ತು ಕಥೆ ಹೇಳುವ ದನಿ ಗಟ್ಟಿಯಾಗಿದ್ದಲ್ಲಿ ಕಣ್ಣು ಅದಕ್ಕಿಂತ ಹೆಚ್ಚೇನನ್ನೂ ಬೇಡುವುದಿಲ್ಲ.

ಬಾಗಿಲು ಬಡಿಯುವ ಶಾಟ್ ಕಥೆಯಲ್ಲಿ ಹಲವು ಸಲ ಬರುತ್ತದೆ. ಪ್ರತಿ ಸಲಕ್ಕೂ ಹೊಸ ತುಣುಕು ಮಾಡಲು ಹೋಗಬೇಡಿ, ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸಿ. ದುಡ್ಡು ಉಳಿಯುತ್ತದೆ ಎಂಬುದು ಇದರ ಸಣ್ಣ ಲಾಭ. ಜನಪದ ಕಥೆಯ ಕಟ್ಟೇ ಅಂಥದ್ದು: ಅದೇ ಮಾತು, ಅದೇ ರಾಗ, ಅದೇ ಬಾಗಿಲು, ಒಳಗಿನ ಉತ್ತರ ಮಾತ್ರ ಬೇರೆ. ನಿಮ್ಮ ಅಜ್ಜಿ ಆ ಮಾತನ್ನು ಪ್ರತಿ ಸಲವೂ ಒಂದೇ ರಾಗದಲ್ಲಿ ಹೇಳಿದ್ದಾರೆ. ಚಿತ್ರವೂ ಹಾಗೆಯೇ ಮರಳಿ ಬಂದರೆ ಕೇಳುವ ಮಗು ಮುಂದಿನದನ್ನು ತಾನೇ ಹೇಳಲು ಬಾಯಿ ತೆರೆಯುತ್ತದೆ.

ಇನ್ನು ದುಡ್ಡಿನ ಲೆಕ್ಕ. ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಅಂಕಿಗಳಿಗಿಂತ ಲೆಕ್ಕ ಹಾಕುವ ಕ್ರಮವನ್ನು ಗಮನಿಸಿ. ಅಭ್ಯಾಸವಾದವರಿಗೂ ಮೂರು ತುಣುಕಿನಲ್ಲಿ ಒಂದು ಬಳಸುವಂತೆ ಬಂದರೆ ಅದು ಒಳ್ಳೆಯ ಫಲಿತಾಂಶ ಎಂದು ನನ್ನ ಅನುಭವ ಹೇಳುತ್ತದೆ. ಆರು ನಿಮಿಷ ಪೂರ್ತಿ ಚಲಿಸುವ ವಿಡಿಯೊ ಬೇಕೆಂದರೆ 360 ಸೆಕೆಂಡ್. ಮೂರಕ್ಕೊಂದರ ಲೆಕ್ಕದಲ್ಲಿ 1,080 ಸೆಕೆಂಡ್ ಹುಟ್ಟಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಇಳಿಸಿದ ಮೇಲೂ ವಿಯೊ 3 ಫಾಸ್ಟ್ ಮಾದರಿಯ ಬೆಲೆ, ತಂತ್ರಾಂಶ ಬರೆಯುವವರು ಬಳಸುವ ದಾರಿಯಲ್ಲಿ, ಸೆಕೆಂಡಿಗೆ 0.15 ಡಾಲರ್ ಇತ್ತು. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ಒಂದು ಕಥೆಗೆ 162 ಡಾಲರ್, ಅಂದರೆ 14,580 ರೂಪಾಯಿ. ಹನ್ನೆರಡು ಕಥೆಗೆ ಒಂದೂಮುಕ್ಕಾಲು ಲಕ್ಷ. ಇದು ನಿಮ್ಮ ದಾರಿಯಲ್ಲ. ಅದರ ಬದಲು ಮೇಲೆ ಎಣಿಸಿದ ಎಂಟು ಶಾಟ್, ತಲಾ 5 ಸೆಕೆಂಡ್, ಒಂದೊಂದಕ್ಕೆ ಮೂರು ಟೇಕ್ ಎಂದರೆ 24 ತುಣುಕು, 120 ಸೆಕೆಂಡ್. ರನ್‌ವೇಯ ಜೆನ್-4 ಬಂದಾಗಿನ ದರದಲ್ಲಿ ತಿಂಗಳಿಗೆ 15 ಡಾಲರಿನ ಸ್ಟ್ಯಾಂಡರ್ಡ್ ಚಂದಾಕ್ಕೆ 625 ಕ್ರೆಡಿಟ್, ಅಂದರೆ ತುಣುಕು ಮಾಡಿಸಿದಂತೆ ಖರ್ಚಾಗುವ ಅಂಕ, ಸಿಗುತ್ತಿತ್ತು. ಜೆನ್-4 ಟರ್ಬೊ ಸೆಕೆಂಡಿಗೆ 5 ಕ್ರೆಡಿಟ್, ಪೂರ್ಣ ಜೆನ್-4 ಸೆಕೆಂಡಿಗೆ 12 ಕ್ರೆಡಿಟ್ ತಿನ್ನುತ್ತಿತ್ತು. ಟರ್ಬೊದಲ್ಲಿ 120 ಸೆಕೆಂಡಿಗೆ 600 ಕ್ರೆಡಿಟ್. ಒಂದು ತಿಂಗಳ ಚಂದಾದಲ್ಲಿ ಒಂದು ಕಥೆ ಮುಗಿಯುತ್ತದೆ. 15 ಡಾಲರಿಗೆ 1,350 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ 1,593. ಹನ್ನೆರಡು ತಿಂಗಳಿಗೆ 19,116 ರೂಪಾಯಿ. ಕಾರ್ಡಿನ ಬ್ಯಾಂಕು ವಿದೇಶಿ ಪಾವತಿಗೆ ಸ್ವಲ್ಪ ಶುಲ್ಕ ಹಿಡಿಯುತ್ತದೆ. ಅದು ಹೋಗಿಯೂ ಹತ್ತು ಸಾವಿರ ರೂಪಾಯಿ ಚಿತ್ರ ಬರೆಯುವವರಿಗೆ ಉಳಿಯುತ್ತದೆ. ಆ ಮೊತ್ತ ಅವರ ಶ್ರಮಕ್ಕೆ ಕಡಿಮೆಯೇ. ಚಲನೆಯ ಶಾಟುಗಳನ್ನು ಆರಕ್ಕೆ ಇಳಿಸಿ, ಎರಡು ಕಥೆಗಳನ್ನು ಒಂದೂವರೆ ತಿಂಗಳಿನಲ್ಲಿ ಮುಗಿಸಲು ಸಾಧ್ಯವಾದರೆ ಉಳಿಯುವ ದುಡ್ಡನ್ನು ಅವರಿಗೇ ಕೊಡಿ.

ಹಾಗಾದರೆ ರನ್‌ವೇಯೇ ಏಕೆ? ಜೆನ್-4 ಮಾದರಿ 2025ರ ಮಾರ್ಚ್ ಕೊನೆಗೆ ಬಂದಾಗ ಅದರ ಮುಖ್ಯ ಉದ್ದೇಶವೇ ಒಂದೇ ಪಾತ್ರ, ಒಂದೇ ಜಾಗ ಹಲವು ಶಾಟುಗಳಲ್ಲಿ ಬದಲಾಗದೆ ಉಳಿಯುವಂತೆ ಮಾಡುವುದಾಗಿತ್ತು, ಮತ್ತು ಅದು ಕೆಲಸ ಆರಂಭಿಸುವುದೇ ನೀವು ಕೊಡುವ ಚಿತ್ರದಿಂದ. ನಿಮ್ಮ ಅಗತ್ಯಕ್ಕೆ ಇದು ನೇರವಾಗಿ ಹೊಂದುತ್ತದೆ. ಕ್ವಾಯ್‌ಶೊ ಎಂಬ ಚೀನಾದ ಸಂಸ್ಥೆ 2024ರ ಜೂನಿನಲ್ಲಿ ತಂದ ಕ್ಲಿಂಗ್ ಚಲನೆಯ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. ಮೊದಲ ಫ್ರೇಮಿನ ಜೊತೆಗೆ ಕೊನೆಯ ಫ್ರೇಮನ್ನೂ ಕೊಟ್ಟು, ನಡುವಿನದನ್ನು ನೀನು ತುಂಬು ಎನ್ನುವ ಅವಕಾಶ ಅದರಲ್ಲಿದೆ, ಮತ್ತು ಕಟ್ಟಿದ ಮನೆಯ ಚಿತ್ರ ಹಾಗೂ ಕರಗಿದ ಮನೆಯ ಚಿತ್ರ ಎರಡನ್ನೂ ಕೊಡಬಲ್ಲ ನಿಮಗೆ ಅದು ಬಹಳ ಒಳ್ಳೆಯ ಉಪಾಯ. ಆದರೆ ಅದೇ ಸಂಸ್ಥೆಯ ಕ್ವಾಯ್ ಆ್ಯಪ್ 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಒಂದು ವರ್ಷ ಹಿಡಿಯುವ ಕೆಲಸವನ್ನು ಪೂರ್ತಿಯಾಗಿ ಅಂಥ ಸೇವೆಯ ಮೇಲೆ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಕರಗುವ ಮನೆಯಂಥ ಒಂದೆರಡು ಶಾಟಿಗೆ ಬಳಸಿ ನೋಡಬಹುದು. ಮೊದಲ-ಕೊನೆಯ ಫ್ರೇಮಿನ ಅನುಕೂಲ 2025ರ ಅಕ್ಟೋಬರಿನ ವಿಯೊ 3.1ರಲ್ಲೂ ಇದೆ. ನೀರು, ಹೊಗೆ, ಮೋಡಗಳ ಚಲನೆಯಲ್ಲಿ ವಿಯೊ ಸಮರ್ಥ. ಗೂಗಲ್ ಚಂದಾ ನಿಮಗೆ ಬೇರೆ ಕಾರಣಕ್ಕೆ ಆಗಲೇ ಇದ್ದರೆ ಮಳೆಯ ಶಾಟುಗಳನ್ನು ಅದರಲ್ಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದಕ್ಕಾಗಿ ಪ್ರತ್ಯೇಕವಾಗಿ ಕಟ್ಟಬೇಡಿ. ಅಡೋಬಿಯ ಫೈರ್‌ಫ್ಲೈ ಎಂಬ ಸಾಧನ, ಪರವಾನಗಿ ಪಡೆದ ಹಾಗೂ ಹಕ್ಕುಸ್ವಾಮ್ಯ ಮುಗಿದ ಸಾಮಗ್ರಿಯಿಂದ ಕಲಿತದ್ದು ಎಂಬುದು ಜಾಹೀರಾತು ಮಾಡುವವರಿಗೆ ದೊಡ್ಡ ಸಮಾಧಾನ. ಸ್ವಂತ ಮೂಲಚಿತ್ರ ಇರುವ ನಿಮಗೆ ಆ ಆತಂಕ ಅಷ್ಟಿಲ್ಲ. ಲೂಮಾ, ಪಿಕಾ, ಹೈಲುವೊ ಎಂಬ ಇತರ ವಿಡಿಯೊ ಸಾಧನಗಳನ್ನು ಈಗ ಬದಿಗಿಡಿ.

ನಿಮ್ಮ ಅಣ್ಣನ ಮಗ ಹೇಳಿದ ವಾನ್ ವಿಷಯ ಹೆಚ್ಚಿನ ಗಮನಕ್ಕೆ ಅರ್ಹ. ಅಲಿಬಾಬಾ ಸಂಸ್ಥೆ 2025ರ ಫೆಬ್ರವರಿಯಲ್ಲಿ ವಾನ್ 2.1 ಮಾದರಿಯನ್ನು ಅಪಾಚೆ 2.0 ಪರವಾನಗಿಯಲ್ಲಿ, ಅಂದರೆ ವಾಣಿಜ್ಯ ಬಳಕೆಗೂ ಮುಕ್ತವಾಗಿ, ಬಿಡುಗಡೆ ಮಾಡಿತು. ಅದರ ಚಿಕ್ಕ ರೂಪ 1.3 ಶತಕೋಟಿ ಪ್ಯಾರಾಮೀಟರಿನದು (ಮಾದರಿಯ ಗಾತ್ರವನ್ನು ಹೇಳುವ ಅಂಕಿ ಇದು), ಅದಕ್ಕೆ 8.19 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕೆಂದು ಮಾಡಿದವರೇ ಹೇಳಿದ್ದಾರೆ. ಅವನ 8 ಜಿಬಿ ಕಾರ್ಡು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಮಾದರಿಯನ್ನು ಕುಗ್ಗಿಸಿ, ಒಂದಷ್ಟು ಭಾಗವನ್ನು ಸಾಮಾನ್ಯ ಮೆಮೊರಿಗೆ ಸರಿಸಿ ಓಡಿಸಬಹುದು, ಇಂಥ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಓಡಿಸುವ ಕಂಫಿಯುಐ ತಂತ್ರಾಂಶ ಬಳಸುವವರು ಇದನ್ನು ಮಾಡುತ್ತಾರೆ. ಆದರೆ ಐದು ಸೆಕೆಂಡಿನ 480 ಪಿಕ್ಸೆಲ್ ಎತ್ತರದ ತುಣುಕಿಗೆ ಆರ್‌ಟಿಎಕ್ಸ್ 4090ರಂಥ ದೊಡ್ಡ ಕಾರ್ಡೇ ಸುಮಾರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ, ಲ್ಯಾಪ್‌ಟಾಪು ಅದಕ್ಕಿಂತ ಎಷ್ಟೋ ಹೆಚ್ಚು. ಹೊತ್ತು ಹಿಡಿದರೂ ಪರವಾಗಿಲ್ಲ ಎನ್ನೋಣ. ನಿಜವಾದ ತೊಡಕು ಬೇರೆಯೇ ಇದೆ. ಆ ಚಿಕ್ಕ ಮಾದರಿ ಬಂದದ್ದು ಬರಹದಿಂದ ವಿಡಿಯೊ ಮಾಡಲು. ಚಿತ್ರದಿಂದ ವಿಡಿಯೊ ಮಾಡುವ ವಾನ್ 2.1 ಮಾದರಿ 14 ಶತಕೋಟಿಯದು. 2025ರ ಜುಲೈನ ವಾನ್ 2.2ರಲ್ಲಿ ಎರಡನ್ನೂ ಮಾಡುವ 5 ಶತಕೋಟಿಯ ರೂಪ ಇದೆ, ಅದನ್ನು ರೂಪಿಸಿದವರ ಗುರಿ 24 ಜಿಬಿಯ 4090 ಕಾರ್ಡು. ಹುಡುಗನಿಗೆ ಆಸಕ್ತಿ ಇದ್ದರೆ ಕಲಿಯಲಿ, ಖಂಡಿತ ಪ್ರೋತ್ಸಾಹಿಸಿ. ಮುಂದೊಂದು ದಿನ ಯಾವ ಸಂಸ್ಥೆಯ ಹಂಗೂ ಇಲ್ಲದೆ ಕನ್ನಡದ ಮಕ್ಕಳಿಗಾಗಿ ಕೆಲಸ ಮಾಡುವ ದಾರಿ ಇದೇ ಎಂದು ನಾನು ನಂಬಿದ್ದೇನೆ. ಈ ಹನ್ನೆರಡು ಕಥೆಗಳ ಭಾರವನ್ನು ಮಾತ್ರ ಅದರ ಮೇಲೆ ಹೊರಿಸಬೇಡಿ. ಅವನ ಲ್ಯಾಪ್‌ಟಾಪಿಗೆ ಬೇರೆ ಒಳ್ಳೆಯ ಕೆಲಸವಿದೆ: ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಎಡಿಟಿಂಗ್ ಮಾಡಲು ಆ ಕಾರ್ಡು ಚೆನ್ನಾಗಿ ಸಾಕು.

ಇಷ್ಟು ಹೇಳಿದರೂ ನನ್ನ ಮಾತನ್ನೇ ಕೊನೆಯದೆಂದು ಹಿಡಿಯದೆ ನೀವೇ ಪರೀಕ್ಷಿಸಿ. ಒಂದೇ ಚಿತ್ರ, ಒಂದೇ ವಿವರಣೆ ಇಟ್ಟುಕೊಂಡು ಎರಡು ಸಾಧನಗಳಲ್ಲಿ ತಲಾ ಮೂರು ಟೇಕ್ ತೆಗೆಯಿರಿ. ಪರೀಕ್ಷೆಗೆ ಸುಲಭದ ಶಾಟ್ ಬೇಡ, ಕಷ್ಟದ್ದನ್ನೇ ಆರಿಸಿ. ನಾನು ಯಾವ ಹೊಸ ಸಾಧನ ಬಂದರೂ ಮೊದಲು ಕೊಡುವುದು ಜೋಳದ ರೊಟ್ಟಿ ತಟ್ಟುವ ಚಿತ್ರ. ಅದರಲ್ಲಿ ಎರಡು ಕೈಗಳಿವೆ, ಬೆರಳುಗಳು ಒಂದರ ಮೇಲೊಂದು ಬರುತ್ತವೆ, ಹಿಟ್ಟು ಪ್ರತಿ ಏಟಿಗೆ ಸ್ವಲ್ಪ ಅಗಲವಾಗುತ್ತಾ ತಿರುಗುತ್ತದೆ, ಒಣಹಿಟ್ಟು ಏಳುತ್ತದೆ, ಲಯ ತಪ್ಪಬಾರದು. ಸಾಧನ ಎಲ್ಲಿ ಸೋಲುತ್ತದೆ ಎಂಬುದು ಐದೇ ಸೆಕೆಂಡಿನಲ್ಲಿ ತಿಳಿಯುತ್ತದೆ: ಕೆಲವು ಸಲ ಹಿಟ್ಟು ಕೈಗೆ ಅಂಟಿ ಕೈಯದೇ ಭಾಗವಾಗುತ್ತದೆ, ಕೆಲವು ಸಲ ಏಟು ಬೀಳದೆಯೇ ರೊಟ್ಟಿ ತಾನಾಗಿ ಹಿಗ್ಗುತ್ತದೆ. ನಿಮ್ಮ ಕಥೆಯಲ್ಲಿ ಅದರ ಸಮಕ್ಕೆ ನಿಲ್ಲುವುದು ಸಗಣಿ ಮೆತ್ತುವ ಶಾಟ್ ಮತ್ತು ಮನೆ ಕರಗುವ ಶಾಟ್. ಈ ಎರಡು ಶಾಟುಗಳಲ್ಲಿ ಯಾವ ಸಾಧನ ಗೆಲ್ಲುತ್ತದೋ ಅದು ಉಳಿದ ಆರನ್ನೂ ಮಾಡೀತು. ಪುಕ್ಕಟೆ ಸಿಗುವ ಕ್ರೆಡಿಟ್ಟುಗಳು ಪರೀಕ್ಷೆಗೆ ಸಾಕು. ಆದರೆ ಪುಕ್ಕಟೆ ತುಣುಕುಗಳ ಮೇಲೆ ಸಂಸ್ಥೆಯ ಗುರುತು ಇರುತ್ತದೆ, ಹಲವು ಸೇವೆಗಳು ಅವುಗಳ ವಾಣಿಜ್ಯ ಬಳಕೆಗೆ ಅನುಮತಿ ಕೊಡುವುದಿಲ್ಲ, ಹಾಗಾಗಿ ಅವನ್ನೇ ಯೂಟ್ಯೂಬಿಗೆ ಹಾಕಬೇಡಿ.

ವಾರ್ಷಿಕ ಚಂದಾ ಕಟ್ಟಬೇಡಿ. ಒಂದೇ ಸಲ ಕಟ್ಟಿದರೆ ಶೇಕಡ ಇಪ್ಪತ್ತರಷ್ಟು ಅಗ್ಗ ಎಂದು ಹಲವರು ಆಸೆ ತೋರಿಸುತ್ತಾರೆ. ನಾನು ಒಂದು ಸೇವೆಗೆ ಹಾಗೆ ಕಟ್ಟಿದೆ. ನಾಲ್ಕು ತಿಂಗಳಲ್ಲಿ ಬೇರೆ ಮಾದರಿಗಳು ಅದನ್ನು ಹಿಂದೆ ಹಾಕಿದವು, ಕೆಲಸವಿಲ್ಲದ ತಿಂಗಳುಗಳ ಕ್ರೆಡಿಟ್ಟುಗಳು ತಿಂಗಳ ಕೊನೆಗೆ ಅಳಿಸಿಹೋದವು, ಹಣ ಮರಳಿಸಿ ಎಂದು ಬರೆದ ಮೂರು ಪತ್ರಗಳಿಗೂ ಒಂದೇ ಸಿದ್ಧ ಉತ್ತರ ಬಂತು. ನಿಮಗೆ ಪರೀಕ್ಷೆಯ ತಿಂಗಳುಗಳೂ ಮೌಲ್ಯಮಾಪನದ ತಿಂಗಳುಗಳೂ ಇರುತ್ತವೆ. ಆ ತಿಂಗಳು ಚಂದಾ ನಿಲ್ಲಿಸಿ, ರಜೆ ಬಂದಾಗ ಮತ್ತೆ ಕಟ್ಟಿ.

ವಿವರಣೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದಲ್ಲಿ ಬರೆದರೆ ಕೆಲವು ಸಾಧನಗಳು ಅರ್ಥ ಮಾಡಿಕೊಳ್ಳುತ್ತವೆ, ಆದರೆ ಇಂಗ್ಲಿಷಿನಲ್ಲಿ ಬರೆದಾಗಿನ ನಿಖರತೆ ಬರುವುದಿಲ್ಲ. ಚಿತ್ರದಲ್ಲಿ ಏನಿದೆ ಎಂಬುದನ್ನು ಮತ್ತೆ ವರ್ಣಿಸಬೇಡಿ, ಏನು ಚಲಿಸಬೇಕು ಎಂಬುದನ್ನಷ್ಟೇ ಎರಡು ಸಣ್ಣ ವಾಕ್ಯದಲ್ಲಿ ಹೇಳಿ. ಕ್ಯಾಮೆರಾ ಅಲುಗಬಾರದು ಎಂದಿದ್ದರೆ ಅದನ್ನೂ ಹೇಳಿ. ಕನ್ನಡ ಅಕ್ಷರಗಳನ್ನು ಮಾತ್ರ ಎಂದಿಗೂ ಸಾಧನದಿಂದ ಬರೆಸಬೇಡಿ. ಒತ್ತಕ್ಷರ ಚೆದುರುತ್ತದೆ, ಇಲ್ಲದ ಅಕ್ಷರ ಹುಟ್ಟುತ್ತದೆ, ಮತ್ತು ಕನ್ನಡ ಕಲಿಸುವವರ ವಿಡಿಯೊದಲ್ಲಿ ಅಂಥದ್ದು ಒಂದೂ ಇರಬಾರದು. ಕಥೆಯ ಹೆಸರನ್ನು ಎಡಿಟಿಂಗಿನಲ್ಲಿ ಸೇರಿಸಿ. ಮೂಲಚಿತ್ರದಲ್ಲೇ ಅಕ್ಷರಗಳಿದ್ದರೆ ಚಲನೆ ಕೊಡುವಾಗ ಅವೂ ಕರಗುತ್ತವೆ ಎಂದು ಕಲಾವಿದರಿಗೆ ಮೊದಲೇ ತಿಳಿಸಿ.

ಅಜ್ಜಿಯ ಫೋಟೊ ಮಾತಾಡುವಂತೆ ಮಾಡುವುದರ ಬಗ್ಗೆ. ತಾಂತ್ರಿಕವಾಗಿ ಅದು ಇಂದು ಕಷ್ಟದ ಕೆಲಸವಲ್ಲ; ಒಂದು ಫೋಟೊ, ಒಂದು ಧ್ವನಿಕಡತ ಕೊಟ್ಟರೆ ತುಟಿ ಆಡಿಸುವ ಸೇವೆಗಳು ಹಲವು ಇವೆ. ಕುಟುಂಬದವರೆಲ್ಲ ಒಪ್ಪಿದರೆ ತಡೆಯುವ ಅಧಿಕಾರ ನನಗಿಲ್ಲ. ಆದರೂ ನನ್ನನ್ನು ಕೇಳಿರುವುದರಿಂದ ಹೇಳುತ್ತೇನೆ, ಅದನ್ನು ಮಾಡಬೇಡಿ. ನಿಮ್ಮ ಧ್ವನಿಮುದ್ರಣದಲ್ಲಿ ಎರಡನೆಯ ನಿಮಿಷದ ಹೊತ್ತಿಗೆ ಅವರು ಕೆಮ್ಮಿ, ನೀರು ಕುಡಿದು, "ಎಲ್ಲಿಗೆ ಬಂದಿದ್ವಿ?" ಎಂದು ಯಾರನ್ನೋ ಕೇಳುತ್ತಾರೆ. ಆ ಗಳಿಗೆ ನಿಜ. ಅದರ ಮೇಲೆ ಯಂತ್ರ ಊಹಿಸಿದ ತುಟಿ, ಯಂತ್ರ ಊಹಿಸಿದ ಕಣ್ಣು ಮಿಟುಕಿಸುವಿಕೆ ಬಂದರೆ, ನಿಜವಾದ ದನಿಯನ್ನೂ ನೋಡುವವರು ಕೃತಕವೆಂದು ತಿಳಿಯುತ್ತಾರೆ. ಅವರ ಫೋಟೊವನ್ನು ಅಲುಗಾಡಿಸದೆ ಆರಂಭದಲ್ಲಿ ಹತ್ತು ಸೆಕೆಂಡ್ ಇಡಿ, ಹೆಸರು ಮತ್ತು ಊರು ಬರೆಯಿರಿ, ಕೆಮ್ಮನ್ನೂ ಕತ್ತರಿಸಬೇಡಿ. ಅದೇ ಕಾರಣಕ್ಕೆ ಅವರ ಧ್ವನಿಯನ್ನು ಯಾವ ಧ್ವನಿ ನಕಲು ಮಾಡುವ ಸೇವೆಗೂ ಕೊಡಬೇಡಿ.

ಕಾನೂನಿನ ಮಾತೂ ಇದಕ್ಕೆ ಹೊಂದಿಕೊಂಡಿದೆ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿ, ನಿಜವೆಂದು ತೋರುವಂತೆ ಕೃತಕವಾಗಿ ಸೃಷ್ಟಿಸಿದ ವಿಡಿಯೊಗಳಿಗೆ ಗುರುತು ಇರಬೇಕೆಂದು ಹೇಳುತ್ತದೆ, ದೊಡ್ಡ ಜಾಲತಾಣಗಳು ಹಾಕುವವರಿಂದಲೇ ಘೋಷಣೆ ಪಡೆಯಬೇಕೆನ್ನುತ್ತದೆ. ಯೂಟ್ಯೂಬು 2024ರ ಮಾರ್ಚಿನಿಂದಲೇ ನಿಜದಂತೆ ಕಾಣುವ ಕೃತಕ ವಿಡಿಯೊಗೆ ಘೋಷಣೆ ಕೇಳುತ್ತಿದೆ. ಸ್ಪಷ್ಟವಾಗಿ ಕಾರ್ಟೂನಿನಂತೆ ಕಾಣುವುದಕ್ಕೆ ಆ ಕಡ್ಡಾಯವಿಲ್ಲ. ಮಾತಾಡುವ ಅಜ್ಜಿಯ ಫೋಟೊ ಮೊದಲ ಬಗೆಯದು, ಬಣ್ಣದ ಕಾಗಕ್ಕ ಎರಡನೆಯದು. ಕಡ್ಡಾಯವಿರಲಿ ಬಿಡಲಿ, ವಿವರಣೆಯಲ್ಲಿ ಮೂರು ಸಾಲು ಬರೆಯಿರಿ: ದನಿ ಯಾರದು, ಚಿತ್ರ ಯಾರದು, ಚಲನೆ ಯಾವ ಸಾಧನದ್ದು.

ಪಾತ್ರಗಳಿಗೆ ನಿಮ್ಮ ಶಾಲೆಯ ಮಕ್ಕಳ ಮುಖ ಬಳಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಖಂಡಿತವಾಗಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ, ಹಲವು ಸೇವೆಗಳು ಮಕ್ಕಳ ಫೋಟೊಗಳನ್ನು ತಾವೇ ತಿರಸ್ಕರಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಹೊರದೇಶದ ಸರ್ವರಿಗೆ ಹೋದ ಮಗುವಿನ ಮುಖವನ್ನು ಮರಳಿ ತರುವ ದಾರಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮಕ್ಕಳು ಪಾಲ್ಗೊಳ್ಳಲೇಬೇಕೆಂದರೆ ಚಿತ್ರಗಳಿಗೆ ಬಣ್ಣ ತುಂಬಲಿ, ಬಾಗಿಲು ಬಡಿಯುವ ಸದ್ದು ಮಾಡಲಿ.

ಕೆಲಸದ ಆರಂಭ ಹೀಗಿರಲಿ. ಮೂಲ ಧ್ವನಿಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಉಳಿಸಿ, ಮೂಲವನ್ನು ಮುಟ್ಟಬೇಡಿ. ಒಂದು ಪ್ರತಿಯನ್ನು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿ, ಫ್ಯಾನಿನ ಗುಂಯ್ ಸದ್ದನ್ನು ಸ್ವಲ್ಪವೇ ತಗ್ಗಿಸಿ. ಹೆಚ್ಚು ತಗ್ಗಿಸಿದರೆ ದನಿ ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ. ಕಣ್ಣು ಮುಚ್ಚಿ ಕೇಳುತ್ತಾ, ಎಲ್ಲಿ ಚಿತ್ರ ಬದಲಾಗಬೇಕೆನಿಸುತ್ತದೋ ಅಲ್ಲಿ ಗುರುತು ಹಾಕಿ, ಆ ಗುರುತುಗಳಲ್ಲಿ ಚಲನೆ ಬೇಕಾದವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಆ ಪಟ್ಟಿಯನ್ನು ಕಲಾವಿದರಿಗೆ ಕೊಟ್ಟು, ಚಿತ್ರಗಳನ್ನು ಅಡ್ಡ 16, ಎತ್ತರ 9ರ ಪ್ರಮಾಣದಲ್ಲೇ ಬರೆಸಿ, ನೆರಳು ಬೀಳದಂತೆ ಹಗಲಿನ ಬೆಳಕಿನಲ್ಲಿ ಫೋಟೊ ತೆಗೆಯಿರಿ ಅಥವಾ ಸ್ಕ್ಯಾನ್ ಮಾಡಿಸಿ. ಬರೇ ಸ್ಥಿರಚಿತ್ರಗಳನ್ನೇ ಜೋಡಿಸಿ ಕಥೆಯನ್ನು ಒಮ್ಮೆ ಪೂರ್ತಿ ಓಡಿಸಿ, ತರಗತಿಯ ಮಕ್ಕಳಿಗೆ ತೋರಿಸಿ. ಕೆಂಪು ಶಾಯಿಯ ಕೆಲವು ಶಾಟುಗಳು ಅಗತ್ಯವೇ ಇಲ್ಲ ಎಂದು ಆಗ ನಿಮಗೇ ಕಾಣಬಹುದು. ಇದೆಲ್ಲ ಮುಗಿದು ಚಿತ್ರಗಳು ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕೂತ ದಿನ ಚಂದಾ ಕಟ್ಟಿ, ಏಕೆಂದರೆ ತಿಂಗಳ ಲೆಕ್ಕ ಆ ದಿನದಿಂದಲೇ ಓಡಲು ಶುರುವಾಗುತ್ತದೆ.